ಲಗ್ನಪತ್ರಿಕೆ ಅಂತ ಬಂದಿದ್ದು

ತಿ. ನರಸೀಪುರದ ನಮ್ಮ ಸೋದರತ್ತೆ ಮೊಮ್ಮಗನ ಮದ್ವೆ ಮಾತು ಸಂಕ್ರಾಂತಿಯಿಂದ್ಲೂ ನಡೀತಿತ್ತು. ಹಂಗಾಗಿ ವಾಟ್ಸಾಪಿಗೆ 'ಮದುವೆ ಆಮಂತ್ರಣ' ಅಂತ ಒಂದು ಬಂದಾಗ ಅನುಮಾನ ಪಡ್ಲಿಲ್ಲ. ಬಂದಿದ್ದೂ ಇಲ್ಲೇ ನಂಜನಗೂಡಲ್ಲಿರೋ ನಮ್ಮ ವಾರಗಿತ್ತಿ ನಂಬರಿಂದ. ಒಲೆ ಮೇಲೆ ಹುಳಿ ಕುದೀತಿತ್ತು, ಒಂದು ಕೈಲಿ ಸೌಟು, ಒಂದು ಕೈಲಿ ಫೋನು. ಒತ್ತಿಬುಟ್ಟೆ.

ಕಾರ್ಡು ತೆಗೀಲಿಲ್ಲ. ಇದು ಗೊತ್ತಿಲ್ಲದ ಕಡೆಯ ಆ್ಯಪು, ಹಾಕ್ಲಾ ಅಂತ ಫೋನು ಕೇಳ್ತು. ಹಾಕು ಅಂದೆ. ಕಾರ್ಡ್ ನೋಡ್ಬೇಕಾದ್ರೆ ಅಪ್‌ಡೇಟ್ ಮಾಡಿ ಅಂತು. ಮಾಡ್ದೆ. ನಿಮ್ಮ ಮೆಸೇಜ್ ಓದ್ಲಾ ಅಂತು, ಅದಕ್ಕೂ ಹೂಂ ಅಂದೆ. ಲಗ್ನಪತ್ರಿಕೆಗೆ ನನ್ನ ಮೆಸೇಜು ಯಾಕಪ್ಪ ಬೇಕು ಅಂತ ಹೊಳೀಲೇ ಇಲ್ಲ. ಕೊನೆಗೂ ಏನೂ ಕಾಣದೆ ಬೇಜಾರಾಗಿ ಆ ಆ್ಯಪನ್ನ ತೆಗೆದಾಕಿ, ಪೀಡೆ ಹೋಯ್ತು ಅಂತ ಹುಳಿ ಇಳಿಸ್ಕೊಂಡೆ. ಒತ್ತಿದ್ದು ಒಂದು ತಪ್ಪಾದ್ರೆ, ಹೋಯ್ತು ಅಂದ್ಕೊಂಡಿದ್ದು ಅದರಪ್ಪನಂಥ ತಪ್ಪು.

ಸಂಜೆ ಹೊತ್ತಿಗೆ ವಾಟ್ಸಾಪ್ ತಾನೇ ಆಫ್ ಆಗಿತ್ತು. ಫೋನ್ ಮೇಲೆ ಫೋನು. "ಅಕ್ಕಾ, ನೀವು ಕಳ್ಸಿದ ಕಾರ್ಡ್ ತೆಗೀತಿಲ್ವಲ್ಲ, ಯಾರ ಮದ್ವೆ?" ಸಂಘದೋರು, ಹಾಲಿನೋನು, ಕೊನೆಗೆ ಮಗಳ ಅತ್ತೆ ಕೂಡ. ನಾನು ಯಾರಿಗೂ ಕಳ್ಸಿಲ್ಲ! ನನ್ನ ಫೋನಿಗೆ ಬಂದ ಓಟಿಪಿ ಓದ್ಕೊಂಡು ಯಾವನೋ ತನ್ನ ಫೋನಲ್ಲಿ ನನ್ನ ವಾಟ್ಸಾಪ್ ತೆರೆದಿದ್ದ. ನನಗೆ ಬಂದಿದ್ದೂ ವಾರಗಿತ್ತಿ ಹೆಸರಲ್ಲಿ ಹಂಗೇ. ಎದೆ ಧಸಕ್ ಅಂತು. ಮಗಳ ಬಾಣಂತನದ ದುಡ್ಡೆಲ್ಲ ಅದೇ ನಂಬರಿನ ಖಾತೇಲಿತ್ತು.

ಮೈಸೂರಲ್ಲಿ ಕಂಪ್ಯೂಟರ್ ಕೆಲಸ ಮಾಡೋ ತಂಗಿ ಮಗನಿಗೆ ಹೇಳ್ದೆ. "ದೊಡ್ಡಮ್ಮ, ಮೊದ್ಲು ಏರೋಪ್ಲೇನ್ ಗುರ್ತು ಒತ್ತಿ, ವೈಫೈ ಆರ್ಸಿ. ದೊಡ್ಡಪ್ಪನ ಫೋನಿಂದ ಬ್ಯಾಂಕಿಗೆ ಹೇಳಿ ಖಾತೆ ನಿಲ್ಸಿ" ಅಂದ. ರಾತ್ರಿ ಬೈಕಲ್ಲಿ ಬಂದ. ಫೈಲಿನ ಬಾಲ ತೋರ್ಸಿದ. ಕಾರ್ಡಾದ್ರೆ ಫೋಟೋನೋ ಪಿಡಿಎಫ್ಫೋ ಆಗಿರ್ತದೆ, ಇದರ ಕೊನೇಲಿ ಎಪಿಕೆ ಅಂತಿತ್ತು. ಅಂದ್ರೆ ಅದು ಆ್ಯಪು. ಇಂಥದ್ದಕ್ಕೆ ಟ್ರೋಜನ್ ಡೌನ್‌ಲೋಡರ್ ಅಂತಾರಂತೆ. ಗ್ರೀಕರ ಕತೇಲಿ ಟ್ರಾಯ್ ಊರಿನೋರು ಮರದ ಕುದುರೆನ ಕೋಟೆ ಒಳಕ್ಕೆ ತಾವೇ ಎಳ್ಕೊಂಡ್ರು, ರಾತ್ರಿ ಅದರ ಹೊಟ್ಟೆಯಿಂದ ಸೈನಿಕರು ಇಳಿದ್ರು. ನನ್ನ ಫೋನಿಗೆ ಬಂದ ಕುದುರೆ ಹೊಟ್ಟೇಲಿ ಏನೂ ಇರ್ಲಿಲ್ಲ, ಅದಕ್ಕೇ ಫೋನು ಅನುಮಾನ ಪಡ್ಲಿಲ್ಲ. ಒಳಗೆ ಕೂತ್ಮೇಲೆ ಅಪ್‌ಡೇಟ್ ನೆಪದಲ್ಲಿ ನಿಜವಾದ ಕಳ್ಳನ್ನ ಇಂಟರ್ನೆಟ್ಟಿಂದ ಇಳಿಸ್ಕೊಂಡಿತ್ತು. ನಾನು ಓಡಿಸಿದ್ದು ಬಾಗ್ಲು ತೆಗೆದೋನ್ನ. ಒಳಗೆ ಬಂದೋನು ಅಟ್ಟದ ಮೇಲೇ ಕೂತಿದ್ದ.

ಹುಡುಗ ಫೋನನ್ನ ಸೇಫ್ ಮೋಡಲ್ಲಿ ಹಾಕ್ದ. ಆಗ ನಾವು ಆಮೇಲೆ ಹಾಕ್ಕೊಂಡ ಆ್ಯಪುಗಳು ಓಡಲ್ಲ. ಸೆಟ್ಟಿಂಗಲ್ಲಿ ಚಿತ್ರನೇ ಇಲ್ದ ಒಂದು ಆ್ಯಪು, ಫೋನಿಂದೇ ಅನ್ನೋ ಥರ ಹೆಸರು. ತೆಗಿಯೋ ಗುಂಡಿ ಮಂಕಾಗಿ ಒತ್ತಕ್ಕೇ ಬರ್ಲಿಲ್ಲ. ಡಿವೈಸ್ ಅಡ್ಮಿನ್, ಆ್ಯಕ್ಸೆಸಿಬಿಲಿಟಿ ಎರಡರಲ್ಲೂ ಅದಕ್ಕೆ ಕೊಟ್ಟಿದ್ದ ಅಧಿಕಾರ ಕಿತ್ಮೇಲೆ ಹೋಯ್ತು. ಡೌನ್‌ಲೋಡಲ್ಲಿದ್ದ ಫೈಲೂ ಅಳಿಸ್ದ. ಪ್ಲೇ ಪ್ರೊಟೆಕ್ಟ್ ಆಫ್ ಆಗಿತ್ತು, ಆನ್ ಮಾಡ್ದ. ಆದ್ರೂ ಇನ್ನೇನು ಇಳ್ದಿದ್ಯೋ ಅಂತ, ಫೋಟೋ ಮಾತ್ರ ಆಚೆ ತೆಗೆದಿಟ್ಟು ಫ್ಯಾಕ್ಟರಿ ರಿಸೆಟ್ ಮಾಡಿಬುಟ್ಟ. ಪಾಸ್‌ವರ್ಡೆಲ್ಲ ಬೇರೆ ಫೋನಿಂದ ಬದಲಾಯಿಸ್ದ. ಕರೆ ಬೇರೆ ಕಡೆ ತಿರುಗ್ತಿದ್ರೆ ನಿಲ್ಲಲಿ ಅಂತ ##002# ಒತ್ತಿದ. ವಾಟ್ಸಾಪ್ ಮತ್ತೆ ಹಾಕ್ದಾಗ ಆ ಕಳ್ಳ ಆಚೆ ಬಿದ್ದ. ಈಗ ಅದಕ್ಕೊಂದು ಪಿನ್ನೂ ಅದೆ.

2024ರ ನವೆಂಬರಲ್ಲೇ ಹಿಮಾಚಲ ಪ್ರದೇಶದ ಪೊಲೀಸರು ಈ ಮದ್ವೆ ಕಾರ್ಡಿನ ಮೋಸದ ಬಗ್ಗೆ ಎಚ್ಚರಿಸಿದ್ರಂತೆ. ಅಡುಗೆಮನೇಲಿ ನಮ್ಗೆ ಯಾರು ಹೇಳ್ಬೇಕು.

ನನ್ನ ದುಡ್ಡು ಉಳೀತು. ಒಬ್ಬೊಬ್ಬರಿಗೂ ಫೋನ್ ಮಾಡಿ "ಒತ್ತಬೇಡಿ, ಒತ್ತಿದ್ರೆ ನೆಟ್ ಆರ್ಸಿ" ಅಂದೆ. ಬೀಗ್ತಿ ಹತ್ರ ಹೇಳೋವಾಗ ನಾಲಗೆ ಒಣಗಿತ್ತು. ಪಾಪ, ಅವ್ರು ಒತ್ತಿರ್ಲಿಲ್ಲ, ಕನ್ನಡಕ ಸಿಗದೆ. ಆದ್ರೆ ಸಂಘದ ಒಬ್ಬಳು ಒತ್ತಿದ್ಲು, ನನ್ನ ಹೆಸರು ನೋಡಿ. ಬೆಳಿಗ್ಗೆ ಹೊತ್ತಿಗೆ ಅವಳ 9,000 ಹೋಗಿತ್ತು. ನಾನೇ ಪಕ್ಕದಲ್ಲಿ ಕೂತು 1930ಕ್ಕೆ ಫೋನ್ ಮಾಡ್ಸಿದೆ. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಖಾತೆಗೆ ದಾಟೋ ಮುಂಚೆ ತಡೆಯೋಕಾಯ್ತದೆ, ನಾವು ಒಂದು ರಾತ್ರಿ ತಡ ಮಾಡಿದ್ವಿ.

ಮದ್ವೆ ಮನೆಯೋರು ಆಮೇಲೆ ಅರಿಶಿನ ಹಚ್ಚಿದ ಕಾರ್ಡನ್ನ ಮನೆಗೇ ತಂದ್ಕೊಟ್ರು. ಆ ಹೆಂಗಸಿನ ದುಡ್ಡು ಇನ್ನೂ ಬಂದಿಲ್ಲ. ಸಂಘದಲ್ಲಿ ಎದುರು ಸಿಕ್ಕಾಗ ಅವಳೇ "ಬುಡಕ್ಕಾ, ನೀವೇನು ಮಾಡ್ತೀರಿ" ಅಂತಾಳೆ.