ಪರ್ಸಿಲ್ಲದ ಮಗಳು

ನಮ್ಮ ಕಾಲದಲ್ಲಿ ಕಾಲೇಜಿಗೆ ಹೊರಟ ಹುಡುಗಿಯ ಕೈಗೆ ಅಮ್ಮ ಬಸ್ಸಿನ ಚಿಲ್ಲರೆ ಎಣಿಸಿ ಕೊಡುತ್ತಿದ್ದಳು. ಈಗ ಬೈಂದೂರಿನಿಂದಲೋ ಬ್ರಹ್ಮಾವರದಿಂದಲೋ ಕುಂದಾಪುರದ ಕಾಲೇಜಿಗೆ ಬರುವ ಮಕ್ಕಳನ್ನು ನೋಡಿ, ಎಷ್ಟೋ ಮಂದಿಯ ಬ್ಯಾಗಿನಲ್ಲಿ ಪರ್ಸೇ ಇರುವುದಿಲ್ಲ. ಜ್ಯೂಸಿನ ಅಂಗಡಿಯಿರಲಿ, ಜೆರಾಕ್ಸ್ ಅಂಗಡಿಯಿರಲಿ, ಅಂಟಿಸಿಟ್ಟ ಕ್ಯೂಆರ್ ಕೋಡಿಗೆ ಫೋನು ಹಿಡಿದರಾಯಿತು, ದುಡ್ಡು ಸಂದಾಯ!

ಯುಪಿಐ ಎಂಬ ಈ ಏರ್ಪಾಡು ಬಂದದ್ದು 2016ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ 500, 1000ದ ನೋಟು ರದ್ದಾಗಿ ನಾವೆಲ್ಲ ಬ್ಯಾಂಕಿನೆದುರು ಸಾಲು ನಿಂತದ್ದು ನೆನಪಿದೆಯಲ್ಲ? ಆದರೆ ಇಂದಿನ ಮಕ್ಕಳು ಇದಕ್ಕೆ ಒಲಿದದ್ದು ಸರಕಾರ ಹೇಳಿತೆಂದಲ್ಲ. ನನ್ನ ಮಗಳನ್ನು ಕೇಳಿದೆ. “ಎಲ್ರೂ ಫೋನಲ್ಲಿ ಕೊಡುವಾಗ ನಾನೊಬ್ಳೇ ಚಿಲ್ರೆ ಹುಡ್ಕೂಕೆ ನಾಚ್ಕಿ ಆತ್ತ್ ಅಮ್ಮ” ಎಂದಳು. ಸಂಗಡಿಗರ ನಡೆಯೇ ಮೊದಲ ಕಾರಣ. ಎರಡನೆಯದು ಅನುಕೂಲ. ನಾಲ್ವರು ಗೋಳಿಬಜೆ ತಿಂದರೆ ಒಬ್ಬಳು ಬಿಲ್ಲು ಕೊಡುತ್ತಾಳೆ, ಉಳಿದವರು ತಮ್ಮ ಪಾಲನ್ನು ಅಲ್ಲೇ ಕಳಿಸುತ್ತಾರೆ. ಬ್ಯಾಂಕ್ ಖಾತೆಯಿಂದ ಕೊಟ್ಟರೆ ಕೊಡುವವರಿಗೆ ಶುಲ್ಕವೂ ಇಲ್ಲ. ಮೂರನೆಯದು ಅವರು ಬಾಯಿಬಿಟ್ಟು ಹೇಳದ್ದು. ನೋಟು ಕೈಬಿಟ್ಟು ಹೋಗುವಾಗ ಆಗುವ ಸಣ್ಣ ಸಂಕಟ ಇದರಲ್ಲಿಲ್ಲ.

ನನಗೆ ಚಿಂತೆ ಹತ್ತಿದ್ದು ಈ ಮೂರನೆಯದರಿಂದ. ನಾನು ಮನೆಯಲ್ಲೇ ರವಿಕೆ ಹೊಲಿದು ಗಳಿಸುವವಳು. ಅದರಲ್ಲಿ ತಿಂಗಳ ಮೊದಲಿಗೆ ಮಗಳ ಖಾತೆಗೆ 1,500 ರೂಪಾಯಿ ಹಾಕಿದರೆ ಇಪ್ಪತ್ತನೇ ತಾರೀಕಿಗೇ “ಖಾಲಿ ಅಮ್ಮ” ಎನ್ನುತ್ತಿದ್ದಳು. ದೊಡ್ಡ ಖರ್ಚು ಒಂದೂ ಇಲ್ಲ. ಬರೀ 20, 30, 15!

ಸಣ್ಣ ದುಡ್ಡಿನ ಮಹಿಮೆ ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿಹೋದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ 2 ಆಣೆಯಾದರೂ ಸರಿ, ಏಜೆಂಟರು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಕೊಟ್ಟದ್ದು ಅರಿವಿಗೆ ಬರುತ್ತಿರಲಿಲ್ಲ, ಕೂಡಿದ್ದು ಮಾತ್ರ ಕಾಣುತ್ತಿತ್ತು. ಈ ಕ್ಯೂಆರ್ ಕೋಡು ತಿರುಗುಮುರುಗಾದ ಪಿಗ್ಮಿ ಅಲ್ಲವೇ? ಹೋದದ್ದು ಅರಿವಿಗೇ ಬರದೆ ಗಂಟೇ ಕರಗುತ್ತದೆ.

ಹಾಗೆಂದು ಫೋನು ಕಸಿದುಕೊಳ್ಳಲಾದೀತೇ? ನಾವು ಮಾಡಿದ್ದು ಇಷ್ಟು. ತಿಂಗಳ ಹಣವನ್ನು ಈಗ ವಾರವಾರ ಹಾಕುತ್ತೇನೆ. ಫೋನಿಗೆ ಜೋಡಿಸಿದ ಆ ಖಾತೆಯಲ್ಲಿ ಬೇರೆ ಹಣ ಇಡುವುದಿಲ್ಲ. ಭಾನುವಾರ ಊಟವಾದ ಮೇಲೆ ಅವಳೇ ಫೋನಿನ ಪಟ್ಟಿ ನೋಡಿ ಹಳೆಯ ನೋಟ್‌ಬುಕ್ಕಿನಲ್ಲಿ ಕೂಡುತ್ತಾಳೆ. ನಾನು ಕೇಳುವುದು ಒಟ್ಟು ಮೊತ್ತ ಮಾತ್ರ. “ಇದ್ಯಾರು, ಅದ್ಯಾಕೆ” ಎಂದು ಒಂದೊಂದಕ್ಕೂ ಜೆರೆದರೆ ಮಕ್ಕಳು ಮುಚ್ಚಿಡಲು ಕಲಿಯುತ್ತಾರೆ, ಗೆಳತಿಯರೇ. ಇನ್ನೊಂದು ಮಾತನ್ನು ಮಕ್ಕಳಿಗೂ ಹೇಳಿ, ನೀವೂ ನೆನಪಿಡಿ. ಹಣ ಕೊಡಲು ಪಿನ್ ಕೇಳಬಹುದು, ಪಡೆಯಲು ಎಂದಿಗೂ ಬೇಡ. “ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ” ಎಂದವನು ಕಳ್ಳನೇ. ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಈಗ ಹಣ ತಿಂಗಳ ಕೊನೆಯವರೆಗೆ ಎಳೆದೂ ಬಿಗಿದೂ ಮುಟ್ಟುತ್ತಿದೆ. ಮೊನ್ನೆ ಲೆಕ್ಕ ಕೂಡುತ್ತಾ ಮಗಳೇ ಹೇಳಿದಳು: “ಎರಡು ಜ್ಯೂಸಂದ್ರೆ ಒಂದು ಸೀರೆಗೆ ಫಾಲ್ ಹೊಲಿದ ದುಡ್ಡು, ಅಲ್ದಾ ಅಮ್ಮ?”