ಗ್ರಿನಿಚ್‌ನ ಕಿಟಕಿಗಳು ಹಾಡುತ್ತವೆ

ಜೂನ್ ತಿಂಗಳ ಬೆಳಗು. ಥೇಮ್ಸ್ ನದಿಯ ಉತ್ತರ ದಡದ ಐಲೆಂಡ್ ಗಾರ್ಡನ್ಸ್ ಉದ್ಯಾನದಲ್ಲಿ ನಿಂತು ಎದುರು ದಡ ನೋಡುತ್ತಿದ್ದೇನೆ. ಬಿಳಿಗಲ್ಲಿನ ಎರಡು ಗುಮ್ಮಟಗಳು, ಸಾಲಾಗಿ ನಿಂತ ಜೋಡಿಗಂಬಗಳು, ನಡುವೆ ಹಸಿರು ಹಾಸು, ಅದರಾಚೆ ಗುಡ್ಡದ ನೆತ್ತಿಯಲ್ಲಿ ವೀಕ್ಷಣಾಲಯ. ವೆನಿಸ್‌ನ ಚಿತ್ರಕಾರ ಕನಲೆಟ್ಟೊ 18ನೇ ಶತಮಾನದಲ್ಲಿ ಬಿಡಿಸಿಟ್ಟ ನೋಟ ಇದೇ. ಇವತ್ತೂ ಹೆಚ್ಚೇನೂ ಬದಲಾಗಿಲ್ಲ. ಆದರೆ ಆ ಚಿತ್ರದಲ್ಲಿಲ್ಲದ ಒಂದು ಸಂಗತಿ ಆ ದಡದಲ್ಲಿ ಈಗ ತುಂಬಿ ತುಳುಕುತ್ತಿದೆ. ಅದನ್ನು ಕೇಳಲೆಂದೇ ಹೊರಟಿದ್ದೇನೆ. ನೀವೂ ಬನ್ನಿ.

ದೋಣಿ ಬೇಡ, ನದಿಯ ಅಡಿಯಲ್ಲೇ ನಡೆದುಹೋಗೋಣ. 1902ರಲ್ಲಿ ತೆರೆದ ಕಾಲ್ನಡಿಗೆಯ ಸುರಂಗ ಇಲ್ಲಿದೆ. ಸುರುಳಿ ಮೆಟ್ಟಿಲು ಇಳಿದರೆ ಬಿಳಿ ಹಂಚುಗಳ ದುಂಡನೆಯ ದಾರಿ. 370 ಮೀಟರ್ ಉದ್ದ, ತಣ್ಣಗಿನ ಗಾಳಿ, ತಲೆಯ ಮೇಲೆ ಇಡೀ ಥೇಮ್ಸ್! ನನ್ನ ಮುಂದೆ ಒಬ್ಬ ಹುಡುಗಿ ಬೆನ್ನಿಗೆ ತನ್ನಷ್ಟೇ ಎತ್ತರದ ಚೆಲ್ಲೋ ವಾದ್ಯದ ಪೆಟ್ಟಿಗೆ ಹೊತ್ತು ಬಿರುಸಾಗಿ ನಡೆಯುತ್ತಿದ್ದಾಳೆ. ಸುಮ್ಮನೆ ಏನೋ ಗುನುಗುತ್ತಾಳೆ. ಸುರಂಗ ಆ ಗುನುಗನ್ನು ಎತ್ತಿಕೊಂಡು ಎರಡು ಪಟ್ಟು ಮಾಡಿ ನನ್ನ ಕಿವಿಗೆ ತಲುಪಿಸುತ್ತದೆ. ಅವಳು ಎಲ್ಲಿಗೆ ಹೊರಟಿದ್ದಾಳೆಂದು ಕೇಳಬೇಕಾಗಿಲ್ಲ. ನಾನೂ ಅಲ್ಲಿಗೇ.

ಮೇಲೆ ಹತ್ತಿ ಬಂದರೆ ಕಣ್ಣು ಕೋರೈಸುವ ಬಿಸಿಲು. 1869ರ ಚಹಾ ಹಡಗು ಕಟ್ಟಿ ಸಾರ್ಕ್ ತನ್ನ ಹಗ್ಗಗಳ ಬಲೆಯನ್ನು ಆಕಾಶಕ್ಕೆ ಹರಡಿ ನಿಂತಿದೆ. ಅದನ್ನು ಬಳಸಿಕೊಂಡು ಕಬ್ಬಿಣದ ಗೇಟು ದಾಟಿದರೆ ಓಲ್ಡ್ ರಾಯಲ್ ನೇವಲ್ ಕಾಲೇಜಿನ ಆವರಣ. ಎಂಟನೇ ಹೆನ್ರಿ 1491ರಲ್ಲಿ, ಅವನ ಮಗಳು ಎಲಿಜಬೆತ್ 1533ರಲ್ಲಿ ಹುಟ್ಟಿದ ಅರಮನೆ ಇದ್ದದ್ದು ಇಲ್ಲೇ. ಅದು ಅಳಿದ ಮೇಲೆ ಎರಡನೇ ಚಾರ್ಲ್ಸ್ 1664ರಲ್ಲಿ ಹೊಸ ಅರಮನೆಗೆ ಕೈಹಾಕಿದ, ಒಂದು ಪಾರ್ಶ್ವ ಕಟ್ಟುವಷ್ಟರಲ್ಲಿ ಕೆಲಸ ನಿಂತಿತು. ಆಮೇಲೆ ಕ್ರಿಸ್ಟೊಫರ್ ರೆನ್ ಮುದಿ ನಾವಿಕರಿಗಾಗಿ ಇಲ್ಲಿ ಆಶ್ರಯಧಾಮ ರೂಪಿಸಿದ. ಮುಂದೆ ನೌಕಾಪಡೆಯ ಕಾಲೇಜು ಬಂತು, ಹೋಯಿತು. ಇಂದು ಆವರಣದ ಬಹುಪಾಲು ಗ್ರಿನಿಚ್ ವಿಶ್ವವಿದ್ಯಾಲಯದ ಬಳಕೆಯಲ್ಲಿದೆ. ಚಾರ್ಲ್ಸ್ ಕಟ್ಟಿಸಿದ ನದಿ ಅಂಚಿನ ಕಟ್ಟಡ, ಕಿಂಗ್ ಚಾರ್ಲ್ಸ್ ಕೋರ್ಟ್, 2001ರಿಂದ ಟ್ರಿನಿಟಿ ಸಂಗೀತ ಕಾಲೇಜಿನ ಮನೆ. 2005ರಲ್ಲಿ ಆ ಕಾಲೇಜು ಲಾಬನ್ ನೃತ್ಯ ಕೇಂದ್ರದೊಂದಿಗೆ ಕೂಡಿ ಟ್ರಿನಿಟಿ ಲಾಬನ್ ಆಯಿತು. ಸಂಗೀತ, ನೃತ್ಯ, ಸಂಗೀತ ನಾಟಕ ಮೂರನ್ನೂ ಕಲಿಸುವ, ಕಲಿತದ್ದನ್ನು ಋತುವಿನಿಂದ ಋತುವಿಗೆ ಊರಿಗೇ ಬಡಿಸುವ ವಿದ್ಯಾಲಯ.

ಕಮಾನಿನಡಿ ನುಸುಳಿ ಕಲ್ಲಿನ ಅಂಗಳಕ್ಕೆ ಕಾಲಿಟ್ಟೆ, ನಿಂತುಬಿಟ್ಟೆ. ನಾಲ್ಕೂ ಕಡೆ ಎತ್ತರದ ಕಿಟಕಿಗಳು, ಬೇಸಿಗೆಯಲ್ಲವೇ, ತೆರೆದುಕೊಂಡಿವೆ. ಒಂದರಿಂದ ತುತ್ತೂರಿ ಮೆಟ್ಟಿಲು ಹತ್ತಿದ ಹಾಗೆ ಸ್ವರ ಏರಿಸುತ್ತಿದೆ. ಇನ್ನೊಂದರಿಂದ ಕೊಳಲು. ಮೂಲೆಯಲ್ಲೆಲ್ಲೋ ಪಿಯಾನೊ ಗುಡುಗುತ್ತದೆ. ಮೇಲಿನ ಮಹಡಿಯಲ್ಲಿ ಹೆಣ್ಣು ದನಿಯೊಂದು ತಾರಸ್ಥಾಯಿಗೆ ಹೋಗಿ ಅಲ್ಲೇ ಕಂಪಿಸಿ ನಿಲ್ಲುತ್ತದೆ, ಕೆಳಗೆ ಸ್ಯಾಕ್ಸೋಫೋನು ಜಾಸ್ ನಡೆಯಲ್ಲಿ ಅದಕ್ಕೆ ಉತ್ತರ ಕೊಟ್ಟಂತೆ ಕೇಳುತ್ತದೆ. ಯಾರಿಗೂ ಯಾರ ಪರಿವೆಯೂ ಇಲ್ಲ. ಸಂಜೆಯ ಆಲದ ಮರಕ್ಕೆ ಗೊರವಂಕಗಳೆಲ್ಲ ಒಟ್ಟಿಗೆ ಬಂದಿಳಿದಂಥ ಕಲರವ. ಆದರೆ ಕಿವಿಗೊಟ್ಟು ಕೇಳಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ತುತ್ತೂರಿಯವನು ನಾಲ್ಕನೇ ಸ್ವರದಲ್ಲಿ ಎಡವುತ್ತಾನೆ, ಹಿಂದೆ ಬರುತ್ತಾನೆ, ಮತ್ತೆ ಏರುತ್ತಾನೆ, ಮತ್ತೆ ಎಡವುತ್ತಾನೆ. ನಮ್ಮಲ್ಲಿ ಸಾಧಕವೆಂದರೆ ನಸುಕಿನಲ್ಲಿ, ಬಾಗಿಲು ಮುಚ್ಚಿ, ಗುರುವಿನ ಮತ್ತು ದೇವರ ಎದುರಿಗಷ್ಟೇ. ಇಲ್ಲಿ ಅದು ಅಂಗಳದ ಪಾಲು. ನಾಯಿ ಹಿಡಿದು ಹೋಗುವವರು, ರೊಟ್ಟಿ ತಿನ್ನುತ್ತ ಕೂತ ವಿದ್ಯಾರ್ಥಿಗಳು, ದಾರಿ ತಪ್ಪಿ ಬಂದ ಪ್ರವಾಸಿಗಳು ಎಲ್ಲರೂ ಅದರ ಶ್ರೋತೃಗಳು. ತುತ್ತೂರಿ ಕೊನೆಗೂ ಆ ನಾಲ್ಕನೇ ಸ್ವರ ದಾಟಿತು. ಬೆಂಚಿನ ಮೇಲಿದ್ದ ಮುದುಕರೊಬ್ಬರು ಪತ್ರಿಕೆಯಿಂದ ಕಣ್ಣೆತ್ತದೆಯೇ ತಲೆದೂಗಿದರು.

ಟ್ರಿನಿಟಿ ಎಂಬ ಹೆಸರಿನ ಎದುರು ಕನ್ನಡಿಗನಾಗಿ ನಿಲ್ಲುವುದಕ್ಕೆ ಬೇರೆಯದೇ ರೋಮಾಂಚನವಿದೆ. 1872ರಲ್ಲಿ ಶುರುವಾದ ಟ್ರಿನಿಟಿ ಸಂಗೀತ ಕಾಲೇಜು ಆಗ ಮಧ್ಯ ಲಂಡನ್ನಿನಲ್ಲಿತ್ತು. 1945ರಲ್ಲಿ ಅದು ಗೌರವ ಫೆಲೋ ಪದವಿ ನೀಡಿದ್ದು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರಿಗೆ. ಪಿಯಾನೊ ವಾದಕನಾಗುವ ಕನಸು ಕಂಡು, 1940ರಲ್ಲಿ ಸಿಂಹಾಸನ ಏರಬೇಕಾಗಿ ಬಂದ ಇಪ್ಪತ್ತೊಂದರ ತರುಣ. ಕನಸು ಕೈಬಿಟ್ಟರೂ ಸಂಗೀತ ಕೈಬಿಡಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣಗೊಂಡಿದ್ದು ಮೈಸೂರಿನ ಹಣದಿಂದ. ಮೆಟ್ನರ್ ತನ್ನ ಮೂರನೇ ಪಿಯಾನೊ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಮೊಳಗಿದ ಕಛೇರಿಯ ಹಿಂದೆಯೂ ಅವರ ಬೆಂಬಲವಿತ್ತು. ಅದೇ ವರ್ಷಗಳಲ್ಲಿ ಅತ್ತ ಮೈಸೂರಿನಲ್ಲಿ, ವಿದ್ವಾನ್ ವಾಸುದೇವಾಚಾರ್ಯರ ಒಡನಾಟದಲ್ಲಿ, ಮಹಾರಾಜರದೇ ಶ್ರೀವಿದ್ಯಾ ಅಂಕಿತದ ಕೃತಿಗಳು ಒಂದೊಂದಾಗಿ ಹುಟ್ಟುತ್ತಿದ್ದವು. 94 ಕೃತಿಗಳು! ಬೆಂಗಳೂರಿನ ಮನೆಗಳಲ್ಲಿ ಕೀಬೋರ್ಡ್ ಎದುರು ಕೂತು ಟ್ರಿನಿಟಿ ಗ್ರೇಡ್ ಪರೀಕ್ಷೆಗೆ ತಯಾರಾಗುವ ಮಕ್ಕಳಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು ಅನ್ನಿಸುತ್ತದೆ. ಪರೀಕ್ಷೆ ನಡೆಸುವ ಸಂಸ್ಥೆ ಈಗ ಬೇರೆಯೇ ಆಗಿದ್ದರೂ ಬೇರು ಇದೇ.

ಮಧ್ಯಾಹ್ನ ಎದುರಿನ ಗುಮ್ಮಟದ ಕೆಳಗಿನ ಪ್ರಾರ್ಥನಾ ಮಂದಿರದಲ್ಲಿ ವಿದ್ಯಾರ್ಥಿಗಳ ಕಛೇರಿ. ಟಿಕೆಟ್ ಇಲ್ಲ. 1779ರ ಬೆಂಕಿಗೆ ತುತ್ತಾಗಿ ಹತ್ತು ವರ್ಷಗಳ ನಂತರ ಮತ್ತೆ ತೆರೆದ ಮಂದಿರವಿದು. ಒಳಗೆ ತಿಳಿನೀಲಿ, ಕೆನೆಬಣ್ಣ, ಚಿನ್ನದ ಸೂಕ್ಷ್ಮ ಕುಸುರಿ. ಸ್ಯಾಮುಯೆಲ್ ಗ್ರೀನ್ 1789ರಲ್ಲಿ ಮಾಡಿದ ಆರ್ಗನ್ ಮೇಲಿಂದ ನೋಡುತ್ತಿದೆ. ಕೆಳಗೆ ಐವರು ಊದುವಾದ್ಯದವರು. ಓಬೋ ಹಿಡಿದ ಹುಡುಗ ಎದ್ದು ಎರಡು ಮಾತು ಹೇಳುವಾಗ ಕಾಗದ ಹಿಡಿದ ಕೈ ನಡುಗುತ್ತದೆ. ವಾದ್ಯ ತುಟಿಗಿಟ್ಟದ್ದೇ ನಡುಕ ಮಾಯ. ಮಂದಿರದ ಗಾಳಿಯೆಲ್ಲ ಆ ಐದು ಉಸಿರುಗಳದ್ದೇ ಆಗುತ್ತದೆ. ಪಕ್ಕದ ಅಜ್ಜಿ ಕಣ್ಣು ಮುಚ್ಚಿ ಬೆರಳಿನಲ್ಲಿ ಲಯ ಹಿಡಿದಿದ್ದಾಳೆ. ತಾನು ಪ್ರತಿ ವರ್ಷ ಹೊಸ ಮಕ್ಕಳನ್ನು ಕೇಳುತ್ತೇನೆ, ಮೂರು ವರ್ಷದಲ್ಲಿ ಅವರು ಎಷ್ಟು ಬೆಳೆಯುತ್ತಾರೆಂದು ನೋಡುವುದೇ ತನಗೆ ಸಂತೋಷ ಎನ್ನುತ್ತಾಳೆ.

ಊರೊಳಗಿನ ಸೇಂಟ್ ಆಲ್ಫೀಜ್ ಚರ್ಚಿನಲ್ಲೂ ಇಂಥ ಮಧ್ಯಾಹ್ನಗಳಿವೆ. ಹೆನ್ರಿ, ಎಡ್ವರ್ಡ್, ಮೇರಿ, ಎಲಿಜಬೆತ್, ಹೀಗೆ ನಾಲ್ವರು ದೊರೆಗಳ ಕಾಲದಲ್ಲಿ ರಾಜಮಂದಿರದ ಗಾಯಕನಾಗಿದ್ದ ಥಾಮಸ್ ಟ್ಯಾಲಿಸ್ 1585ರಲ್ಲಿ ಇಲ್ಲಿ ಮಣ್ಣಾದ. ಆ ನೆಲದ ಮೇಲೆ ಇಪ್ಪತ್ತರ ಹರೆಯದವರು ನಿಂತು ಹಾಡುತ್ತಾರೆ. ಅಲ್ಲಿ ಒಂದು ಗಳಿಗೆ ಕೂತು, ಉದ್ಯಾನದ ಏರು ಹತ್ತುತ್ತೇನೆ. ಸೊನ್ನೆ ರೇಖಾಂಶದ ಪಟ್ಟಿಯ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವ ಸಾಲು ಉದ್ದವಿದೆ, ಅದನ್ನು ಬಿಟ್ಟು ಮುಂದೆ ಹೋದರೆ ಬ್ಲ್ಯಾಕ್‌ಹೀತ್ ಎಂಬ ವಿಶಾಲ ಹುಲ್ಲುಬಯಲು. 1381ರಲ್ಲಿ ದಂಗೆಯೆದ್ದ ರೈತರು ಬೀಡುಬಿಟ್ಟಿದ್ದ ಬಯಲಿನಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಿದ್ದಾರೆ. ಆಚೆ ಅಂಚಿನಲ್ಲಿ 1895ರ ಬ್ಲ್ಯಾಕ್‌ಹೀತ್ ಹಾಲ್ಸ್. ಅದೂ ಈಗ ಟ್ರಿನಿಟಿ ಲಾಬನ್ನಿನದೇ. ಬೇಸಿಗೆಯಲ್ಲಿ ಇಲ್ಲಿ ಒಂದು ಆಪೆರಾ ಏಳುತ್ತದೆ. ವೃತ್ತಿ ಗಾಯಕರು, ವಿದ್ಯಾರ್ಥಿಗಳು, ಅಕ್ಕಪಕ್ಕದ ಬೀದಿಯ ನಿವಾಸಿಗಳು, ಶಾಲಾಮಕ್ಕಳು ಒಂದೇ ರಂಗದಲ್ಲಿ. ಊರಿನವರೇ ವೇಷ ಕಟ್ಟುವ ನಮ್ಮ ಹಳ್ಳಿ ನಾಟಕಗಳನ್ನು ಕಂಡವರಿಗೆ ಅದರ ಸಡಗರ ವಿವರಿಸಬೇಕಿಲ್ಲ.

ಗುಡ್ಡ ಇಳಿದು ಡೆಟ್‌ಫರ್ಡ್‌ಗೆ ಬರುವಷ್ಟರಲ್ಲಿ ಲಂಡನ್ ಬಣ್ಣ ಬದಲಿಸಿರುತ್ತದೆ. ಎಂಟನೇ ಹೆನ್ರಿ 1513ರಲ್ಲಿ ಹಡಗುಕಟ್ಟೆ ಸ್ಥಾಪಿಸಿದ ಊರು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳೂ ಇಲ್ಲಿ ತಯಾರಾಗಿ ನಮ್ಮತ್ತ ಹೊರಟಿದ್ದವು. 1593ರಲ್ಲಿ ನಾಟಕಕಾರ ಕ್ರಿಸ್ಟೊಫರ್ ಮಾರ್ಲೊ ಇರಿತಕ್ಕೆ ಬಲಿಯಾದದ್ದೂ ಇಲ್ಲಿ. ಹೈಸ್ಟ್ರೀಟಿನಲ್ಲಿ ಒಣಮೀನಿನ ಘಾಟು, ಗೆಣಸಿನ ರಾಶಿ, ವಿಯೆಟ್ನಾಮಿ ಸೂಪಿನ ಹಬೆ, ಅಂಗಡಿಯೊಂದರಿಂದ ನೈಜೀರಿಯದ ಡೋಲಿನ ಕುಣಿತ. ಆಫ್ರೊಬೀಟ್ ಸಂಗೀತವನ್ನು ಜಗತ್ತಿಗೆ ಕೊಟ್ಟ ಫೆಲಾ ಕುಟಿ 1958ರಲ್ಲಿ ಲಂಡನ್ನಿಗೆ ಬಂದು ತುತ್ತೂರಿ ಕಲಿತದ್ದು ಟ್ರಿನಿಟಿಯಲ್ಲೇ! ಬೆಳಿಗ್ಗೆ ಕಿಟಕಿಯಲ್ಲಿ ಎಡವುತ್ತಿದ್ದ ಆ ಹುಡುಗ ಥಟ್ಟನೆ ನೆನಪಾದ.

ಡೆಟ್‌ಫರ್ಡ್ ಕ್ರೀಕ್ ಎಂಬ ತೋಡಿನಲ್ಲಿ ನೀರು ಇಳಿದು ಕೆಸರು ಹೊಳೆಯುತ್ತಿದೆ. ದಡದ ಮೇಲೆ ಲಾಬನ್ ಕಟ್ಟಡ. ಸ್ವಿಟ್ಜರ್ಲೆಂಡಿನ ಹರ್ಟ್ಜೋಗ್ ಮತ್ತು ಡಿ ಮೊರೊನ್ ವಿನ್ಯಾಸ ಮಾಡಿದ ಇದಕ್ಕೆ 2003ರ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಅರೆಪಾರದರ್ಶಕ ಗೋಡೆಗಳ ಮೇಲೆ ಎಳೆಹಸಿರು, ಗುಲಾಬಿ, ಸಾಗರನೀಲಿ ಒಂದರೊಳಗೊಂದು ಕರಗುತ್ತವೆ, ಮೋಡ ಸರಿದಾಗೊಮ್ಮೆ ಬೇರೆಯೇ ಬಣ್ಣ. ಮುಂಭಾಗ ತುಸು ಒಳಗೆ ಬಾಗಿ 18ನೇ ಶತಮಾನದ ಸೇಂಟ್ ಪಾಲ್ಸ್ ಚರ್ಚಿನ ಶಿಖರಕ್ಕೆ ಮುಖ ಮಾಡಿದೆ. ಒಳಗೆ ಕಪ್ಪು ಕಾಂಕ್ರೀಟಿನ ಸುರುಳಿ ಮೆಟ್ಟಿಲು, ಇಳಿಜಾರು ಹಜಾರ, ಗೋಡೆಯಾಚೆ ದಪದಪ ಹೆಜ್ಜೆ ಸದ್ದು. ಹೆಸರು ಕೊಟ್ಟ ರುಡಾಲ್ಫ್ ಲಾಬನ್ 1879ರಲ್ಲಿ ಇಂದಿನ ಬ್ರಾಟಿಸ್ಲಾವಾದಲ್ಲಿ ಹುಟ್ಟಿ, ನಾಜಿಗಳ ಕೋಪಕ್ಕೆ ಗುರಿಯಾಗಿ ಇಂಗ್ಲೆಂಡಿಗೆ ಬಂದವನು. ಚಲನೆಯನ್ನು ಕಾಗದದ ಮೇಲೆ ಬರೆಯುವ ಲಿಪಿಯನ್ನು 1928ರಲ್ಲಿ ಪ್ರಕಟಿಸಿದ. ಉದ್ದ ಗೆರೆಗಳ ನಡುವೆ ಚೌಕ, ತ್ರಿಕೋನಗಳು. ಓದುವುದು ಕೆಳಗಿನಿಂದ ಮೇಲಕ್ಕೆ. ಪಾದ ಮೊದಲು ನೆಲಕ್ಕೆ ಊರುವ ಕಲೆಗೆ ಇದಕ್ಕಿಂತ ಸಹಜ ಲಿಪಿ ಇದೆಯೇ!

ಸಂಜೆ ಇದೇ ಕಟ್ಟಡದ ಬಾನಿ ಬರ್ಡ್ ರಂಗಮಂದಿರ ತುಂಬಿದೆ. ಮಾರ್ತಾ ಗ್ರಹಾಂ ನೃತ್ಯ ತಂಡದಲ್ಲಿ ಕುಣಿದ, ಅಮೆರಿಕದಲ್ಲಿ ನರ್ತಕ ಮರ್ಸ್ ಕನ್ನಿಂಗ್‌ಹ್ಯಾಮ್‌ಗೆ ಪಾಠ ಹೇಳಿದ ಗುರುವಿನ ಹೆಸರು ಅದಕ್ಕೆ. ದೀಪ ಆರುತ್ತದೆ. ಕತ್ತಲಲ್ಲಿ ಮೊದಲು ಕೇಳುವುದು ಉಸಿರು. ಆಮೇಲೆ ಹನ್ನೆರಡು ಬರಿಗಾಲಿನ ದೇಹಗಳು ಬೆಳಕಿನ ಪಟ್ಟಿಯೊಳಕ್ಕೆ ಉರುಳಿ ಬರುತ್ತವೆ, ಏಳುತ್ತವೆ, ಒಂದರ ಭಾರ ಇನ್ನೊಂದು ಹೊರುತ್ತದೆ. ಕಥೆಯಿಲ್ಲ, ಪಾತ್ರವಿಲ್ಲ, ಮುದ್ರೆಯಿಲ್ಲ. ಆದರೂ ಒಬ್ಬಳು ಬೀಳುವಾಗ ಸಭೆಯೇ ಮುಂದಕ್ಕೆ ಬಾಗುತ್ತದೆ. ಭರತನಾಟ್ಯದಲ್ಲಿ ಅರೆಮಂಡಿ ನೆಲವನ್ನು ಒತ್ತಿ ಹಿಡಿದರೆ ಇಲ್ಲಿ ನೆಲಕ್ಕೆ ಶರಣಾಗಿ ಅಲ್ಲಿಂದಲೇ ಬಲ ಪಡೆಯುತ್ತಾರೆ. ಎರಡನ್ನೂ ನೋಡುವ ಭಾಗ್ಯ ನನ್ನ ಕಣ್ಣಿನದು.

ಹೊರಗೆ ಬಂದಾಗ ಒಂಬತ್ತೂವರೆ ದಾಟಿದೆ, ಜೂನ್ ಆಕಾಶದಲ್ಲಿ ಇನ್ನೂ ನೇರಳೆ ಬೆಳಕು. ಹಜಾರದಲ್ಲಿ ಗದ್ದಲವೋ ಗದ್ದಲ. ಬೆವರಿನ್ನೂ ಆರದ ಹುಡುಗನೊಬ್ಬ ತನ್ನ ಅಜ್ಜಿಯೆದುರು ನಿಂತು, ಆ ಉರುಳುವ ಜಾಗದಲ್ಲಿ ಭುಜ ಮೊದಲು ಹೋಗಬೇಕು, ತಲೆ ಅಲ್ಲ ಎಂದು ವಿವರಿಸುತ್ತಿದ್ದಾನೆ. ಅಜ್ಜಿ ಕೈಚೀಲವನ್ನು ಮಗಳ ಕೈಗೆ ಕೊಟ್ಟು ಭುಜ ತಿರುಗಿಸಿ ನೋಡುತ್ತಾಳೆ. ಹಾಗಲ್ಲ, ಇನ್ನೂ ಕೆಳಗೆ ಎನ್ನುತ್ತಾನೆ ಮೊಮ್ಮಗ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತ ಜಾಗ ಬಿಡುತ್ತಾರೆ, ಅವಳು ಮತ್ತೊಮ್ಮೆ ಪ್ರಯತ್ನಿಸುತ್ತಾಳೆ.