ಗುಂಜಿಯ ದಾರಿಗೆ ಇಟಲಿಯ ಗಾಡಿ

ಬೆಳಗಾವಿಯಿಂದ ಗೋವೆಯ ಕಡೆಗೆ ಧಾವಿಸುವ ಪ್ರವಾಸಿಗೆ ಗುಂಜಿ ಎಂಬ ಊರು ಕಣ್ಣಿಗೆ ಬೀಳುವುದೇ ಅಪರೂಪ. ಉದ್ಯಮಬಾಗದ ಕಾರ್ಖಾನೆಗಳನ್ನು ಹಿಂದಿಕ್ಕಿ, ಖಾನಾಪುರದ ಬಳಿ ಮಲಪ್ರಭೆಯನ್ನು ದಾಟಿ, ಲೋಂಡಾದತ್ತ ಸಾಗುವಾಗ ಕೆಮ್ಮಣ್ಣಿನ ಹೊಲಗಳು ಮುಗಿದು ಕಾಡು ದಟ್ಟವಾಗತೊಡಗುತ್ತದೆ. ಅಲ್ಲಿಯೇ ಗುಂಜಿ. ಖಾನಾಪುರಕ್ಕೂ ಲೋಂಡಾಕ್ಕೂ ನಡುವಣ ಒಂದು ಚಿಕ್ಕ ರೈಲು ನಿಲ್ದಾಣ. ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುವ ಸೀಮೆ. ಮುಂಗಾರು ಹಿಡಿಯಿತೆಂದರೆ ಸಹ್ಯಾದ್ರಿಯ ಮಳೆ ಇಲ್ಲಿ ದಿನಗಟ್ಟಲೆ ಬಿಡುವುದಿಲ್ಲ.

ಇಂತಹ ದಾರಿಗೂ ಇಟಲಿಯ ಹಳೆಯ ಮೋಟಾರು ಸೈಕಲ್ಲಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟು. ಹಳೆಯ ಯಂತ್ರವೊಂದನ್ನು ಜೀರ್ಣೋದ್ಧಾರ ಮಾಡಿದವನ ಜಾಣ್ಮೆ ಪ್ರದರ್ಶನಶಾಲೆಯ ದೀಪದ ಕೆಳಗೆ ತಿಳಿಯುವುದಿಲ್ಲ. ಏರು, ತಿರುವು, ರಾಡಿ, ಮಳೆ ಇವೆಲ್ಲ ಒಟ್ಟಿಗೆ ಎದುರಾಗುವ ಇಂತಹ ದಾರಿಯಲ್ಲಿಯೇ ಅದು ಬಯಲಾಗಬೇಕು.

ಬೊಲೊನ್ಯಾ ನಗರದ ಡುಕಾಟಿ ಸಂಸ್ಥೆಯನ್ನೇ ತೆಗೆದುಕೊಳ್ಳಿ. 1926ರಲ್ಲಿ ಅದು ಹುಟ್ಟಿದ್ದು ರೇಡಿಯೋದ ಬಿಡಿಭಾಗಗಳನ್ನು ಮಾಡುವುದಕ್ಕೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಸೈಕಲ್ಲಿಗೆ ಕಟ್ಟಿಕೊಳ್ಳುವ ಪುಟ್ಟ ಎಂಜಿನ್ನೊಂದನ್ನು ಅದು ತಯಾರಿಸತೊಡಗಿತು. ಹೆಸರು ಕುಚ್ಚೊಲೊ, ಎಂದರೆ ನಾಯಿಮರಿ. 1954ರಲ್ಲಿ ಫಾಬಿಯೊ ತಾಲ್ಯೋನಿ ಎಂಬ ಎಂಜಿನಿಯರು ಸಂಸ್ಥೆಗೆ ಬಂದ ತರುವಾಯ ನಾಯಿಮರಿಯ ವಂಶದಲ್ಲಿ ಬೇಟೆನಾಯಿಗಳು ಹುಟ್ಟಿದವು. 1964ರಲ್ಲಿ ಹೊರಬಂದ 250 ಸಿ.ಸಿ.ಯ ಮಾಕ್ 1 ಗಂಟೆಗೆ ನೂರು ಮೈಲಿಯ ಗಾಡಿಯೆಂದು ಹೆಸರಾಯಿತು.

ಈ ಎಂಜಿನ್ನಿನ ಒಳಗುಟ್ಟು ಸ್ವಾರಸ್ಯವಾದುದು. ಸಿಲಿಂಡರಿನ ಪಕ್ಕದಲ್ಲಿ ನೆಟ್ಟಗೆ ನಿಂತ ಒಂದು ದಂಡ. ಅದರ ಎರಡು ತುದಿಗಳಲ್ಲಿಯೂ ಓರೆಹಲ್ಲಿನ ಚಕ್ರಗಳು. ತಲೆಯ ಮೇಲಿನ ಕ್ಯಾಮ್ ದಂಡವನ್ನು ಸರಪಳಿಯಿಲ್ಲದೆ ತಿರುಗಿಸುವ ಉಪಾಯವಿದು. ಹಲ್ಲಿಗೂ ಹಲ್ಲಿಗೂ ನಡುವಣ ಸಡಿಲವನ್ನು ಕಾಗದದಷ್ಟು ತೆಳುವಾದ ಬಿಲ್ಲೆಗಳನ್ನಿಟ್ಟು ಹೊಂದಿಸಬೇಕು. ಬಿಗಿಯಾದರೆ ಚಕ್ರ ಸವೆಯುತ್ತದೆ. ಸಡಿಲವಾದರೆ ಗೊರಗೊರ ಸದ್ದು. ಎಣ್ಣೆ ಸೋಸುವುದಕ್ಕೆ ಬಲೆಯೊಂದೇ ಗತಿ. ಸಣ್ಣ ಕಸವೆಲ್ಲ ಕ್ರ್ಯಾಂಕ್ ದಂಡದೊಳಗಿನ ಗುಳಿಯಲ್ಲಿ ಗಟ್ಟಿಕಟ್ಟುತ್ತದೆ. ಅದನ್ನು ತೆಗೆಯದೆ ಟ್ಯಾಂಕಿಗೆ ಮಾತ್ರ ಬಣ್ಣ ಬಳಿದವನ ಗಾಡಿ ಬೆಳಗಾವಿಯ ಬೀದಿಯಲ್ಲಿ ಮಿರುಗೀತು, ಗುಂಜಿಯನ್ನು ಮುಟ್ಟಲಾರದು.

ಬೊಲೊನ್ಯಾದ ಗಾಡಿಗೆ ಬೆಳಗಾವಿಯಲ್ಲಿ ಚಿಕಿತ್ಸೆಯೇ ಎಂದು ಹುಬ್ಬೇರಿಸಬೇಕಾಗಿಲ್ಲ. ಈ ಊರಿನ ಯಂತ್ರಪ್ರೇಮವೂ ಸೈಕಲ್ಲಿನಿಂದಲೇ ಮೊದಲಾದುದು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಣ್ಣನೊಡನೆ 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿ. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಇವೆಲ್ಲ ಆಮೇಲಿನ ಮಾತು. 1910ರಲ್ಲಿ ಅವರು ಕುಂಡಲ್ ರೋಡಿಗೆ ಹೊರಟುಹೋದರು; ಕಬ್ಬಿಣ ಕರಗಿಸಿ ಎರಕ ಹೊಯ್ಯುವ ವಿದ್ಯೆ ಮಾತ್ರ ಈ ಊರಿನಲ್ಲಿ ಬೇರೂರಿ ಬೆಳೆಯಿತು. ಇಂದಿಗೂ ಉದ್ಯಮಬಾಗದಲ್ಲಿ ಎರಕದ ಮನೆಗಳೂ ಲೇತುಗಳೂ ಹೇರಳ. ಇಟಲಿಯಿಂದ ಬರಬೇಕಾದ ಒಂದು ಬುಶ್ಶಿಗಾಗಿ ತಿಂಗಳುಗಟ್ಟಲೆ ಕಾಯುವ ಬದಲು ಅಳತೆ ಕೊಟ್ಟು ಇಲ್ಲಿಯೇ ಕಡೆಯಿಸಿಕೊಳ್ಳಬಹುದಾದ ಊರಿದು.

ನಿಜವಾದ ತೊಡಕು ಬೇರೊಂದುಂಟು. ಉದ್ಧರಿಸುವುದೆ, ಮಾರ್ಪಡಿಸುವುದೆ? ಮಾಕ್ 1ರ ತಗ್ಗು ಹಿಡಿಯೂ ಹಿಂದಕ್ಕೆ ಸರಿದ ಕಾಲುಮೆಟ್ಟೂ ಪಂದ್ಯದ ಸವಾರನಿಗೆ ಹೇಳಿ ಮಾಡಿಸಿದವು. ಗುಂಜಿಯ ದಾರಿಯಲ್ಲಿ ಸೊಂಟಕ್ಕೆ ಶಿಕ್ಷೆ. ಆರು ವೋಲ್ಟಿನ ದೀಪವೋ, ಮಳೆಗಾಲದ ಸಂಜೆಗೆ ಹಣತೆಯ ಬೆಳಕು. ಬಲಗಾಲಿನ ಗೇರು ಮಾತ್ರ ಹಳೆಯ ಬುಲೆಟ್ಟನ್ನು ಓಡಿಸಿದ ನಮ್ಮವರಿಗೆ ಹೊಸದಲ್ಲ. ಎತ್ತರದ ಹಿಡಿಯನ್ನು ಹಾಕಿಸಿ, ವಿದ್ಯುತ್ತನ್ನು ಹನ್ನೆರಡು ವೋಲ್ಟಿಗೆ ಏರಿಸಿದರೆ ಗಾಡಿ ಹಾದಿಗೆ ಬರುತ್ತದೆ. ಬೇಡವೆನಿಸಿದ ದಿನ ಅವನ್ನು ಬಿಚ್ಚಿ ಮೊದಲಿನಂತೆ ಮಾಡಲೂಬಹುದು. ಆದರೆ ಚಂದದ ಬಾಲಕ್ಕಾಗಿ ಚೌಕಟ್ಟಿಗೆ ಗರಗಸ ಹಾಕಿದರೆ? ಅದು ಮರಳಿ ಬಾರದ ಮಾರ್ಪಾಡು.

ಕಾನೂನೂ ಇಲ್ಲಿ ಎರಡು ಕಡೆಯಿಂದ ಹಿಡಿಯುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ಕಾರ್ಖಾನೆ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸಬಾರದೆನ್ನುತ್ತದೆ. 2021ರ ನಿಯಮಗಳಂತೆ 50 ವರ್ಷ ಮೀರಿದ, ಚೌಕಟ್ಟಿನಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯವಾಗಿ ಮಾರ್ಪಡದ ಗಾಡಿಗೆ ವಿಂಟೇಜ್ ಎಂಬ ಗೌರವ ದೊರೆಯಬಹುದು. ಆದರೆ ಆ ಗೌರವ ಪಡೆದ ಗಾಡಿ ದಿನನಿತ್ಯದ ಓಡಾಟಕ್ಕಲ್ಲ. ಗರಗಸದವನು ಗೌರವವನ್ನು ಕಳೆದುಕೊಳ್ಳುತ್ತಾನೆ, ಗೌರವದವನು ದಾರಿಯನ್ನು. ಎರಡನ್ನೂ ಉಳಿಸಿಕೊಳ್ಳಬೇಕಾದವನಿಗೆ ಬಿಚ್ಚಬಹುದಾದ ಬದಲಾವಣೆಯೊಂದೇ ಜಾಣತನ.

ಗುಂಜಿಯ ನಿಲ್ದಾಣದ ಹಳಿಗಳನ್ನು ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಸಿದ್ದು ಮೀಟರ್ ಗೇಜು; 1990ರ ದಶಕದಲ್ಲಿ ಅದು ಬ್ರಾಡ್ ಗೇಜಾಯಿತು. ಸಾವಿರಾರು ಜನರ ಅನುಕೂಲಕ್ಕಾಗಿ ಆದ ಬದಲಾವಣೆಯದು, ಅದಕ್ಕೆ ಮರುಗಬೇಕಾದುದಿಲ್ಲ. ಆದರೆ ಒಬ್ಬನ ಹವ್ಯಾಸಕ್ಕೆ ಅಷ್ಟು ಅಧಿಕಾರವಿಲ್ಲ. ಅರುವತ್ತು ವರ್ಷ ಬಾಳಿದ ಗಾಡಿಗೆ ಇಂದಿನ ಒಡೆಯ ಕಡೆಯ ಒಡೆಯನಲ್ಲ. ಬಿಚ್ಚಿದ ಹಿಡಿಯನ್ನೂ ದೀಪವನ್ನೂ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲಿಟ್ಟು, ಗಂಟಿಗೊಂದು ಚೀಟಿ ಕಟ್ಟಿದನೆಂದರೆ, ಇನ್ನೂ ಹುಟ್ಟದ ಸವಾರನೊಬ್ಬನಿಗೆ ಸಲ್ಲಬೇಕಾದುದನ್ನು ಆತ ಸಲ್ಲಿಸಿದಂತಾಯಿತು. ಆಮೇಲೆ ಮಳೆ ಬರಲಿ ಬಿಡಲಿ, ನಿಶ್ಚಿಂತನಾಗಿ ಗುಂಜಿಯ ದಾರಿ ಹಿಡಿಯಬಹುದು.